ಕಟ್ಟಿಗೆ ಇಲ್ಲದ ವಖಾರ

ನಮ್ಮ ಅಜ್ಜ ಹುಬ್ಬಳ್ಳಿಯ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಅಂಗಡಿಯ ಹಿಂದೆ ಹತ್ತಿಯ ವಖಾರ ಇತ್ತು. ನಮ್ಮ ಕಡೆ ಗೋದಾಮಿಗೆ ವಖಾರ ಅನ್ನುತ್ತೇವೆ. ಈಗಿನ ಮಕ್ಕಳಿಗೆ ಕಟ್ಟಿಗೆ ವಖಾರ ಒಂದೇ ಗೊತ್ತು. ಅದರ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಗೂಡು. ದೀಪ ಇಡುವ ಗೂಡಿನ ಹಾಗೇ ಇತ್ತು, ಆದರೆ ಅಲ್ಲಿ ಯಾರೂ ದೀಪ ಹಚ್ಚುತ್ತಿರಲಿಲ್ಲ. ಒಳಗೆ ಹೋಗುವ ಹಮಾಲರು, ಚಕ್ಕಡಿಯವರು, ಹತ್ತಿ ನೋಡಲು ಬಂದ ವ್ಯಾಪಾರಿಗಳು ಎಲ್ಲರೂ ತಮ್ಮ ಕಡ್ಡಿಪೆಟ್ಟಿಗೆ, ಬೀಡಿಕಟ್ಟು ಅಲ್ಲಿಟ್ಟು ಹೋಗಬೇಕು. ಮಾಲೀಕರಿಗೂ ಅದೇ ಕಾಯಿದೆ. ನಾನಾಗ ಏಳೆಂಟು ವರ್ಷದ ಹುಡುಗ. ನನ್ನ ಚಡ್ಡಿಯ ಕಿಸೆಯನ್ನೂ ಅಜ್ಜ ಮುಟ್ಟಿ ನೋಡಿಯೇ ಒಳಗೆ ಬಿಡುತ್ತಿದ್ದರು.

"ಹತ್ತಿಗೆ ಬೆಂಕಿ ಬಿದ್ರ ಹೊರಗ ಕಾಣಂಗಿಲ್ಲೋ ತಮ್ಮಾ. ಒಳಗೊಳಗ ಸುಡತೈತಿ" ಅನ್ನುತ್ತಿದ್ದರು.

ಆ ಮಾತು ಅರ್ಥವಾದದ್ದು ಒಂದು ಬೇಸಿಗೆಯಲ್ಲಿ. ಆಚೆ ಓಣಿಯ ಒಂದು ವಖಾರ ರಾತ್ರಿ ಹೊತ್ತಿಕೊಂಡಿತು. ಬೆಳಿಗ್ಗೆ ಅಜ್ಜನ ಕೈ ಹಿಡಿದು ನೋಡಲು ಹೋದೆ. ಉರಿ ಆರಿತ್ತು. ಆದರೆ ಮೂರನೇ ದಿನವೂ ಹಮಾಲರು ಒಂದೊಂದೇ ಅಂಡಿಗೆ ಎಳೆದು ಕೊಯ್ದರೆ ನಡುವೆ ಕೆಂಡ ಇರುತ್ತಿತ್ತು. ಮೇಲಿನ ಸಾಗವಾನಿ ಜಂತಿಗಳು ಕರಿಯಾಗಿ ಮುರಿದು ಅಡ್ಡಾದಿಡ್ಡಿ ಬಿದ್ದಿದ್ದವು. ಅಜ್ಜ ಹತ್ತಿಯ ಕಡೆ ಜಾಸ್ತಿ ನೋಡಲಿಲ್ಲ. ಆ ಜಂತಿಗಳನ್ನೇ ನೋಡುತ್ತ ನಿಂತಿದ್ದರು. ಹತ್ತಿ ಮುಂದಿನ ಸುಗ್ಗಿಗೆ ಮತ್ತೆ ಬರುತ್ತದೆ, ಮನೆ ಬರುವುದಿಲ್ಲ ಅಂದರು. ನಮ್ಮ ಕಡೆ ಗೋದಾಮಿಗೆ ವಖಾರ ಅನ್ನುತ್ತೇವೆ. ಈಗಿನ ಮಕ್ಕಳಿಗೆ ಕಟ್ಟಿಗೆ ವಖಾರ ಒಂದೇ ಗೊತ್ತು.

ಇದೆಲ್ಲ ಮರೆತೇ ಹೋಗಿತ್ತು. ಮತ್ತೆ ನೆನಪಾದದ್ದು ಹುಬ್ಬಳ್ಳಿಯಲ್ಲಿ ಅಲ್ಲ, ಇಂಗ್ಲೆಂಡಿನಲ್ಲಿ.

2019ರ ಅಕ್ಟೋಬರಿನಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಅವಳಿರುವ ಊರಿಂದ ಲಿವರ್‌ಪೂಲ್‌ಗೆ ರೈಲಿನಲ್ಲಿ ಸುಮಾರು ಒಂದು ತಾಸು. ಆ ಊರಿಗೆ ಹೋಗೋಣ ಅಂದಾಗ ತಂಗಿ, "ಅಣ್ಣಾ, ನಿನಗ ಬೀಟಲ್ಸ್ ಹಾಡು ಯಾವಾಗಿಂದ ಸೇರಾಕತ್ತು?" ಅಂದಳು. ಆ ಊರಿನಲ್ಲೇ ಹುಟ್ಟಿದ ಹಾಡಿನ ತಂಡ ಅದು. ನನಗೆ ಬೇಕಿದ್ದದ್ದು ಬೀಟಲ್ಸ್ ಅಲ್ಲ. ಅಜ್ಜನ ಬಾಯಲ್ಲಿ ಆ ಊರಿನ ಹೆಸರು ಬರುತ್ತಿತ್ತು. ಅವರು ಹರೆಯದಲ್ಲಿದ್ದಾಗ ಹತ್ತಿಯ ದರ ಮುಂಬೈನಿಂದ ತಂತಿಯಲ್ಲಿ ಬರುತ್ತಿತ್ತು. ಮುಂಬೈಯವರು ನ್ಯೂಯಾರ್ಕ್ ಮತ್ತು ಲಿವರ್‌ಪೂಲ್ ಕಡೆ ನೋಡುತ್ತಿದ್ದರು. "ಲಿವರಪೂಲದಾಗ ಸೀನಿದ್ರ ಇಲ್ಲಿ ನೆಗಡಿ" ಅಂತ ಅಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದರಂತೆ. ಹಾಗಾಗಿ ಆ ಹೆಸರು ನಮ್ಮ ಮನೆಯಲ್ಲಿ ಬೀಟಲ್ಸ್‌ಗಿಂತ ಹಳೆಯದು.

ತಂಗಿಯ ಮಗಳು ನನ್ನ ಜೊತೆ ಬಂದಳು. ಹನ್ನೆರಡು ವರ್ಷ. ಮಳೆ ಜಿನುಗುತ್ತಿತ್ತು, ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ದೊಡ್ಡ ರಸ್ತೆ ದಾಟಿದರೆ ಎದುರಿಗೆ ಆಲ್ಬರ್ಟ್ ಡಾಕ್, ಅಂದರೆ ಹಡಗು ನಿಲ್ಲುವ ಕಟ್ಟೆ ಮತ್ತು ಅದರ ಸುತ್ತಲಿನ ಹಳೇ ವಖಾರಗಳು.

ಮೊದಲ ನೋಟಕ್ಕೆ ಸ್ವಲ್ಪ ನಿರಾಸೆ ಆಗುತ್ತದೆ ಅಂತಲೇ ಹೇಳಬೇಕು. ಇಟ್ಟಿಗೆ, ಇಟ್ಟಿಗೆ, ಇಟ್ಟಿಗೆ. ಐದು ಅಂತಸ್ತು. ಸಾಲು ಸಾಲು ಸಣ್ಣ ಕಿಟಕಿಗಳು. ಕೆತ್ತನೆ ಇಲ್ಲ, ಗೋಪುರ ಇಲ್ಲ, ಗೋಡೆಯ ಮೇಲೆ ಒಂದು ಹೂವಿನ ಬಳ್ಳಿಯೂ ಇಲ್ಲ. 19ನೇ ಶತಮಾನದಲ್ಲೇ ಆ ಊರಿನ ವಾಸ್ತುಶಿಲ್ಪಿ ಮತ್ತು ಇತಿಹಾಸಕಾರ ಜೇಮ್ಸ್ ಪಿಕ್ಟನ್ ಇದನ್ನು ನೋಡಿ, ಗಟ್ಟಿತನದಲ್ಲಿ ಇದಕ್ಕೆ ಸಾಟಿ ಇಲ್ಲ, ಆದರೆ ಇದು ಬರೀ ಬೆತ್ತಲೆ ಇಟ್ಟಿಗೆಯ ವಿಕಾರ ರಾಶಿ ಅನ್ನುವ ಅರ್ಥದಲ್ಲಿ ಬರೆದ. ಅವನು ನನ್ನ ಹಾಗೆ ಹತ್ತಿ ವಖಾರದ ಬಾಗಿಲಲ್ಲಿ ಬೆಳೆದಿದ್ದರೆ ಹಾಗೆ ಬರೆಯುತ್ತಿರಲಿಲ್ಲವೇನೋ ಅಂತ ನನಗನಿಸುತ್ತದೆ.

ಒಂದು ಕಮಾನಿನ ಕೆಳಗೆ ಹಾದು ಒಳಗೆ ಬಂದರೆ ಚಿತ್ರವೇ ಬದಲಾಗುತ್ತದೆ. ನಡುವೆ ಚೌಕಾಕಾರದ ನೀರು, ಕೆರೆಯ ಹಾಗೆ ನಿಂತ ನೀರು. ಸುತ್ತಲೂ ಕಟ್ಟಡ. ಕಟ್ಟಡದ ಕಾಲುಗಳು ನೀರಿನ ಅಂಚಿಗೇ ಬಂದು ನಿಂತಿವೆ. ಆ ಕಾಲುಗಳು ಕೆಂಪು ಬಣ್ಣ ಬಳಿದ ಕಬ್ಬಿಣದ ಕಂಬಗಳು. ಗ್ರೀಕ್ ಗುಡಿಗಳ ಕಂಬದ ಮಾದರಿ, ಕೆಳಗೆ ದಪ್ಪ, ಮೇಲೆ ಸ್ವಲ್ಪ ಸಣ್ಣ, ತಲೆಯ ಮೇಲೆ ಒಂದು ತಟ್ಟೆ ಇಟ್ಟ ಹಾಗೆ. ಎತ್ತರ ಸುಮಾರು 15 ಅಡಿ. ಸುತ್ತಳತೆ 12 ಅಡಿಗೂ ಜಾಸ್ತಿ. ನಾನು ಮತ್ತು ಹುಡುಗಿ ಎರಡೂ ಕಡೆಯಿಂದ ತಬ್ಬಿ ನೋಡಿದೆವು. ಕೈಗಳು ಕೂಡಲಿಲ್ಲ. ಅವಳು ಬೆರಳ ಗೆಣ್ಣಿನಿಂದ ತಟ್ಟಿ, "ಮಾಮಾ, ಇದು ಕಲ್ಲಲ್ಲ!" ಅಂದಳು. ಕಲ್ಲಲ್ಲ. ಎರಕ ಹೊಯ್ದ ಕಬ್ಬಿಣ, ಒಳಗೆ ಟೊಳ್ಳು. ತಂಪು ಎಷ್ಟಿತ್ತೆಂದರೆ ಕೆನ್ನೆ ತಾಗಿಸಿದಾಗ ಹಲ್ಲಿಗೂ ತಾಕಿತು. ಕಂಬಗಳ ಸಾಲಿನ ನಡುನಡುವೆ ಅಗಲವಾದ ಕಮಾನುಗಳು ಬರುತ್ತವೆ. ಅಂದಕ್ಕೆ ಮಾಡಿದ್ದಲ್ಲ. ಕ್ರೇನಿನ ಕೈ ಆಡಲು ಜಾಗ ಬೇಕಿತ್ತು, ಅದಕ್ಕೆ.

ಕಟ್ಟಡ ನೀರಿನ ತುದಿಗೇ ಬಂದು ಯಾಕೆ ನಿಂತಿದೆ ಅಂದರೆ, ಅದಕ್ಕೆ ಕಾರಣ ಆ ಊರಿನ ನದಿ ಮತ್ತು ಆ ಊರಿನ ಕಳ್ಳರು.

ನದಿಯ ಹೆಸರು ಮರ್ಸಿ. ಅಲ್ಲಿಯ ಉಬ್ಬರ ಇಳಿತ ನಮ್ಮ ಕಾರವಾರ, ಮಂಗಳೂರಿನ ಹಾಗಲ್ಲ. ದೊಡ್ಡ ಉಬ್ಬರದ ದಿನ ನೀರು ಸುಮಾರು 10 ಮೀಟರಿನಷ್ಟು ಏರಿ ಇಳಿಯುತ್ತದೆ. ಬೆಳಿಗ್ಗೆ ದಕ್ಕೆಯ ಮಟ್ಟದಲ್ಲಿದ್ದ ಹಡಗು ಮಧ್ಯಾಹ್ನಕ್ಕೆ ಮೂರು ಅಂತಸ್ತು ಕೆಳಗೆ ಕೆಸರಲ್ಲಿ ಕೂತಿರುತ್ತದೆ. ಅದಕ್ಕೇ ಲಿವರ್‌ಪೂಲಿನವರು 1715ರಲ್ಲೇ ಗೇಟು ಹಾಕಿ ನೀರು ಹಿಡಿದಿಡುವ ಡಾಕ್ ಕಟ್ಟಿದರು. ಉಬ್ಬರ ಬಂದಾಗ ಗೇಟು ತೆರೆದು ಹಡಗು ಒಳಗೆ ತರುವುದು, ಆಮೇಲೆ ಗೇಟು ಮುಚ್ಚುವುದು. ಒಳಗಿನ ನೀರು ಅಲ್ಲೇ ನಿಲ್ಲುತ್ತದೆ, ಹಡಗೂ ಅದೇ ಮಟ್ಟದಲ್ಲಿ ತೇಲುತ್ತದೆ. ವ್ಯಾಪಾರದ ಹಡಗುಗಳಿಗೆ ಜಗತ್ತಿನಲ್ಲೇ ಇಂಥದ್ದು ಮೊದಲು ಅನ್ನುತ್ತಾರೆ.

ಹಡಗು ನಿಂತಿತು, ಆದರೆ ಮಾಲು ನಿಲ್ಲಲಿಲ್ಲ. ಚಹಾ, ರೇಷ್ಮೆ, ತಂಬಾಕು, ಸಕ್ಕರೆ, ಬ್ರಾಂದಿ ಎಲ್ಲ ಇಳಿಸಿ ಬಯಲು ದಕ್ಕೆಯ ಮೇಲೆ ಹರಡುತ್ತಿದ್ದರು. ಸುಂಕದವರು ಬಂದು ಎಣಿಸಬೇಕು, ಗಾಡಿಗಳು ಬಂದು ಊರೊಳಗಿನ ವಖಾರಗಳಿಗೆ ಒಯ್ಯಬೇಕು. ಅಷ್ಟರಲ್ಲಿ ಚೀಲ ಹರಿಯುತ್ತಿತ್ತು, ಪೀಪಾಯಿಗೆ ತೂತು ಬೀಳುತ್ತಿತ್ತು. ನಮ್ಮ ಮಾರ್ಕೆಟ್ ಯಾರ್ಡ್ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ, ಅಲ್ವಾ? ಇದಕ್ಕೆ ಪರಿಹಾರ ಅಂದರೆ ವಖಾರವನ್ನೇ ನೀರಿನ ಅಂಚಿಗೆ ತಂದು, ಸುತ್ತ ಎತ್ತರದ ಗೋಡೆ ಕಟ್ಟಿ, ಹಡಗಿನ ಹೊಟ್ಟೆಯಿಂದ ಮಾಲನ್ನು ಸೀದಾ ಅಂತಸ್ತಿಗೆ ಏರಿಸುವುದು. ಮಾಲು ಹೊರಗೆ ಹೋಗುವಾಗ ಸುಂಕ ಕಟ್ಟಿದರಾಯಿತು. ಲಂಡನ್ನಿನ ಸೇಂಟ್ ಕ್ಯಾಥರೀನ್ ಡಾಕಿನಲ್ಲಿ 1828ರ ಹೊತ್ತಿಗೆ ಇದನ್ನು ಮಾಡಿ ತೋರಿಸಿದ್ದರು. ಅಲ್ಲಿಯ ವಖಾರಗಳ ವಾಸ್ತುಶಿಲ್ಪಿ ಫಿಲಿಪ್ ಹಾರ್ಡ್‌ವಿಕ್ ಲಿವರ್‌ಪೂಲಿನ ಕೆಲಸದಲ್ಲೂ ಕೈ ಹಾಕಿದ.

ಆದರೆ ಈ ಕಟ್ಟಡದ ನಿಜವಾದ ಒಡೆಯ ಜೆಸ್ಸಿ ಹಾರ್ಟ್ಲಿ. ಯಾರ್ಕ್‌ಷೈರಿನವನು, 1780ರಲ್ಲಿ ಹುಟ್ಟಿದವನು. ಅಪ್ಪ ಸೇತುವೆಗಳ ಮೇಲ್ವಿಚಾರಕ. ಕಲ್ಲು, ಗಚ್ಚು, ಕಮಾನು ಇವೇ ಅವನ ಮನೆಮಾತು. 1824ರಲ್ಲಿ ಲಿವರ್‌ಪೂಲಿನ ಡಾಕ್‌ಗಳ ಎಂಜಿನಿಯರ್ ಆಗಿ ಬಂದಾಗ ಅವನು ಒಂದೂ ಡಾಕ್ ಕಟ್ಟಿರಲಿಲ್ಲ. 1860ರಲ್ಲಿ ಸಾಯುವವರೆಗೂ ಅದೇ ಕೆಲಸದಲ್ಲಿದ್ದ. ಆ ದಂಡೆಯ ಮೈಲಿಗಟ್ಟಲೆ ಗೋಡೆ ಅವನದೇ. ಸ್ಕಾಟ್ಲೆಂಡಿನ ಕಿರ್ಕ್‌ಮಾಬ್ರೆಕ್ ಅನ್ನುವಲ್ಲಿಯ ಕ್ವಾರಿಯಿಂದ ಗ್ರಾನೈಟ್ ತರಿಸುತ್ತಿದ್ದ. ಆ ಕಲ್ಲುಗಳನ್ನು ಒಂದೇ ಅಳತೆಗೆ ಕಡಿಸಿ ಹಾಳು ಮಾಡಲಿಲ್ಲ. ಆನೆಯಂಥ ಒಂದು ಕಲ್ಲು, ಅದರ ಸಂದಿಗೆ ಕುರಿಯಂಥ ಇನ್ನೊಂದು. ಆದರೆ ಸಂದು ಎಷ್ಟು ಬಿಗಿ ಅಂದರೆ ನನ್ನ ರೈಲು ಟಿಕೆಟು ತೂರಿಸಲು ನೋಡಿದೆ, ಹೋಗಲಿಲ್ಲ.

ಈ ಮನುಷ್ಯನಿಗೆ ಕಳ್ಳರಿಗಿಂತ ದೊಡ್ಡ ಚಿಂತೆ ಒಂದಿತ್ತು. ಅದು ನಮ್ಮ ಅಜ್ಜನ ಚಿಂತೆಯೇ.

ಲಿವರ್‌ಪೂಲಿನ ಹಳೇ ವಖಾರಗಳಲ್ಲಿ ಗೋಡೆ ಇಟ್ಟಿಗೆಯದು, ಒಳಗೆಲ್ಲ ಕಟ್ಟಿಗೆ. ಮರದ ಕಂಬ, ಮರದ ತೊಲೆ, ಮರದ ನೆಲ. ಅದರ ಮೇಲೆ ಹತ್ತಿ, ಎಣ್ಣೆ, ಟರ್ಪೆಂಟೈನ್. 1842ರ ಸೆಪ್ಟೆಂಬರಿನಲ್ಲಿ ಫಾರ್ಮ್ಬಿ ಸ್ಟ್ರೀಟ್ ಸುತ್ತಮುತ್ತ ಹತ್ತಿದ ಬೆಂಕಿ ಸಾಲು ವಖಾರಗಳನ್ನೇ ನುಂಗಿತು. ಆಗ ಹಾರ್ಟ್ಲಿಯ ಮೇಜಿನ ಮೇಲೆ ಆಲ್ಬರ್ಟ್ ಡಾಕಿನ ನಕ್ಷೆಗಳಿದ್ದವು. ಮರದ್ದು, ಮರ ಮತ್ತು ಕಬ್ಬಿಣದ್ದು, ಬರೀ ಕಬ್ಬಿಣ ಮತ್ತು ಇಟ್ಟಿಗೆಯದ್ದು ಅಂತ ಬೇರೆ ಬೇರೆ ಲೆಕ್ಕಾಚಾರ. ಯಾವುದು ಬೆಂಕಿಗೆ ತಡೆಯುತ್ತದೆ ಅಂತ ಕಾಗದದ ಮೇಲೆ ಚರ್ಚೆ ಮಾಡಿ ಮುಗಿಸಬಹುದಿತ್ತು. ಅವನು ಹಾಗೆ ಮಾಡಲಿಲ್ಲ. 18 ಅಡಿ ಉದ್ದ, 10 ಅಡಿ ಅಗಲದ ಒಂದು ಮಾದರಿ ಕೋಣೆ ಕಟ್ಟಿಸಿದ. ಅದರೊಳಗೆ ಕಟ್ಟಿಗೆ ತುಂಬಿಸಿ, ಡಾಂಬರು ಸುರಿಸಿ, ಬೆಂಕಿ ಹಚ್ಚಿಸಿದ. ಒಮ್ಮೆ ಅಲ್ಲ, ಹಲವು ಸಲ. ಕೊನೆಗೆ ನಿಂತದ್ದು ಇಟ್ಟಿಗೆ, ಕಬ್ಬಿಣ, ಕಲ್ಲು. ಕಟ್ಟಡದ ಭಾರ ಹೊರುವ ಯಾವ ಜಾಗದಲ್ಲೂ ಕಟ್ಟಿಗೆ ಬೇಡ ಅಂತ ತೀರ್ಮಾನ ಮಾಡಿದ. ಇಂಥ ಕಟ್ಟಡ ಬ್ರಿಟನ್ನಿನಲ್ಲಿ ಇದೇ ಮೊದಲು ಅನ್ನುತ್ತಾರೆ.

ಈ ಸುಡುವ ಕೋಣೆಯ ವಿಷಯ ನನಗೆ ಅವತ್ತು ಗೊತ್ತಿರಲಿಲ್ಲ. ಊರಿಗೆ ಬಂದಮೇಲೆ ಓದಿದ್ದು. ಆದರೆ ಅವತ್ತೇ ಒಂದು ಕಣ್ಣಿಗೆ ಬಿತ್ತು. ಆ ಕಟ್ಟಡಗಳಲ್ಲಿ ಒಂದು ಈಗ ಹಡಗುಗಳ ಮ್ಯೂಸಿಯಂ. ಒಳಗೆ ಹೋದಾಗ ಎಲ್ಲರೂ ಗಾಜಿನ ಪೆಟ್ಟಿಗೆಯೊಳಗಿನ ಹಡಗಿನ ಬೊಂಬೆ ನೋಡುತ್ತಿದ್ದರು. ನನ್ನ ಕತ್ತು ಅಭ್ಯಾಸಬಲದಿಂದ ಮೇಲೆ ಹೋಯಿತು. ವಖಾರದ ಮಕ್ಕಳು ಮೊದಲು ನೋಡುವುದು ಜಂತಿಯನ್ನೇ. ಅಲ್ಲಿ ಜಂತಿ ಇರಲಿಲ್ಲ.

ಜಂತಿಯ ಜಾಗದಲ್ಲಿ ಕಬ್ಬಿಣದ ತೊಲೆಗಳು. ಅವು ಸಾಮಾನ್ಯ ತೊಲೆಗಳ ಹಾಗಿಲ್ಲ. ತೊಲೆಯ ಕೆಳಭಾಗ ಎರಡು ಕಾಲು ಅಗಲಿಸಿ ನಿಂತ ಹಾಗೆ ಕವಲೊಡೆದಿದೆ. ಒಂದೊಂದು ಕಾಲಿನ ಮೇಲೆ ಒಂದೊಂದು ಇಟ್ಟಿಗೆ ಕಮಾನು ಕೂತು, ಆಚೆಯ ತೊಲೆಗೆ ಬಾಗಿ ಹೋಗಿದೆ. ಒಂದರ ಪಕ್ಕ ಇನ್ನೊಂದು ಕಮಾನು, ಸಮುದ್ರದ ಅಲೆಗಳನ್ನು ತಲೆಕೆಳಗು ಮಾಡಿ ಹಚ್ಚಿದ ಹಾಗೆ. ಅದರ ಬೆನ್ನಿನ ಮೇಲೆ ಮೇಲಿನ ಅಂತಸ್ತಿನ ನೆಲ. ಕಮಾನಿನ ಸ್ವಭಾವ ಗೊತ್ತಲ್ಲ, ಮೇಲೆ ಭಾರ ಬಿದ್ದರೆ ಅದು ಪಕ್ಕಕ್ಕೆ ಒದೆಯುತ್ತದೆ. ಆ ಒದೆತ ತಡೆಯಲು ತೊಲೆಯಿಂದ ತೊಲೆಗೆ ಕಬ್ಬಿಣದ ಸರಳುಗಳನ್ನು ಎಳೆದು ಕಟ್ಟಿದ್ದಾರೆ. ನಮ್ಮ ಕಡೆ ಹಳೇ ರೈಲ್ವೆ ಕಟ್ಟಡಗಳಲ್ಲಿ ಗರ್ಡರ್ ನಡುವೆ ಇಟ್ಟಿಗೆ ಕಮಾನು ನೋಡಿದ್ದೀರಲ್ಲ, ಅದೇ ಜಾತಿ. ಅಲ್ಲಿ ಒಂದು ಕೋಣೆಗೆ ಮಾಡಿದ್ದನ್ನು ಇಲ್ಲಿ ಐದು ಅಂತಸ್ತಿಗೆ ಮಾಡಿದ್ದಾರೆ.

ಎರಕದ ಕಬ್ಬಿಣ ಸುಡುವುದಿಲ್ಲ ನಿಜ. ಆದರೆ ಅದಕ್ಕೂ ಬೆಂಕಿ ಆಗುವುದಿಲ್ಲ. ಜೋರು ಕಾವಿಗೆ ಅದರ ಶಕ್ತಿ ಕುಗ್ಗುತ್ತದೆ, ಕಾದಾಗ ತಣ್ಣೀರು ಬಿದ್ದರೆ ಸೀಳುತ್ತದೆ. ಹಾಗಾಗಿ ಕಬ್ಬಿಣ ಒಂದನ್ನೇ ನಂಬಿದರೆ ಸಾಲದು. ಇಲ್ಲಿ ತೊಲೆಯ ಬೆನ್ನು ಇಟ್ಟಿಗೆಯಲ್ಲಿ ಮುಚ್ಚಿದೆ. ದಪ್ಪ ಗೋಡೆಗಳು ಉದ್ದನೆಯ ಕಟ್ಟಡವನ್ನು ಖಾನೆ ಖಾನೆ ಮಾಡಿವೆ. ಒಂದು ಖಾನೆಗೆ ಹತ್ತಿದ್ದು ಪಕ್ಕದ್ದಕ್ಕೆ ಸುಲಭಕ್ಕೆ ದಾಟದು. ಮೆಟ್ಟಿಲು ಕಲ್ಲಿನದು. ಕಿಟಕಿಯ ಚೌಕಟ್ಟು ಕಬ್ಬಿಣದ್ದು. ಹೊರಗಿನಿಂದ ನೋಡಿದಾಗ ನನಗೆ ಜಿಪುಣತನ ಅನಿಸಿದ ಆ ಸಣ್ಣ ಸಣ್ಣ ಕಿಟಕಿಗಳ ಮೇಲೆ ಈಗ ನನಗೆ ಬೇರೆಯೇ ಗೌರವ. ಕಟ್ಟಡದ ಮುಖದ ಮೇಲೆ ಕಾಣುವ ಒಂದೊಂದು ಗೆರೆಯೂ ಒಂದೊಂದು ಭಯಕ್ಕೆ ಕೊಟ್ಟ ಉತ್ತರ. ಪಿಕ್ಟನ್ನನಿಗೆ ಕಂಡ ಬೆತ್ತಲೆತನ ಅದೇ.

ಚಾವಣಿ ಇನ್ನೂ ಸೊಗಸು. ಬೇರೆ ಯಾರೇ ಆಗಿದ್ದರೂ ಅಷ್ಟು ಎತ್ತರದಲ್ಲಾದರೂ ಮರ ಹಾಕಿ ಮೇಲೆ ಹೆಂಚು ಹೊದಿಸುತ್ತಿದ್ದರು. ಹಾರ್ಟ್ಲಿ ಕಬ್ಬಿಣದ ತಗಡುಗಳನ್ನು ರಿವೆಟ್ ಹೊಡೆದು ಒಂದಕ್ಕೊಂದು ಬೆಸೆಸಿದ. ಹಡಗಿನ ಮೈಯನ್ನು ಕಟ್ಟುತ್ತಾರಲ್ಲ, ಹಾಗೆ. ಆ ತಗಡಿನ ಚರ್ಮವೇ ಭಾರ ಹೊರುತ್ತದೆ, ಕೆಳಗೆ ತೆಳ್ಳಗಿನ ಸರಳುಗಳ ಆಸರೆ ಅಷ್ಟೇ. ದೋಣಿ ಮಗುಚಿ ಹಾಕಿದ ಹಾಗಿರುವ ಚಾವಣಿ. ಒಟ್ಟು ಎರಡು ಕೋಟಿ ಮೂವತ್ತು ಲಕ್ಷಕ್ಕೂ ಜಾಸ್ತಿ ಇಟ್ಟಿಗೆ ಈ ಡಾಕಿಗೆ ಹೋಗಿದೆ.

ಕಟ್ಟಿಗೆ ಇಲ್ಲವೇ ಇಲ್ಲ ಅಂದೆ. ಒಂದು ಕಡೆ ಇದೆ. ಕಟ್ಟಡ ನಿಂತಿರುವುದು ನದಿಯಂಚಿನ ಕೆಸರಿನ ಮೇಲೆ. ಅಷ್ಟು ಭಾರ ಹೊರಲು ಸಾವಿರಾರು ಮರದ ಗೂಟಗಳನ್ನು ಕೆಳಗೆ ಬಡಿದಿದ್ದಾರೆ. ನೀರಿನಲ್ಲೇ ಮುಳುಗಿ, ಗಾಳಿ ತಾಕದೆ ಇರುವ ಮರ ಕೊಳೆಯುವುದಿಲ್ಲ, ಬೆಂಕಿಯೂ ಅಲ್ಲಿಗೆ ಮುಟ್ಟದು. ಮರ ಎಲ್ಲಿರಬಾರದು ಅನ್ನುವುದರ ಜೊತೆಗೆ ಎಲ್ಲಿರಬೇಕು ಅನ್ನುವುದೂ ಆ ಮನುಷ್ಯನಿಗೆ ಗೊತ್ತಿತ್ತು.

1846ರ ಜುಲೈ 30ರಂದು ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ ಬಂದು ಡಾಕ್ ಉದ್ಘಾಟಿಸಿದ. ಹೆಸರೂ ಅವನದೇ ಬಂತು. ಅದಕ್ಕಿಂತ ನನಗೆ ಮುಖ್ಯ ಅನಿಸುವುದು 1848. ನ್ಯೂಕ್ಯಾಸಲ್‌ನಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ ನೀರಿನ ಒತ್ತಡದಿಂದ ನಡೆಯುವ ಕ್ರೇನ್ ಮಾಡಿದ್ದ. ಹಾರ್ಟ್ಲಿ ಅದನ್ನು ನೋಡಿ ಬಂದು ಇಲ್ಲಿಗೂ ತರಿಸಿದ. ಮಾಲು ಎತ್ತಲು ನೀರಿನ ಒತ್ತಡ ಬಳಸಿದ ಮೊದಲ ವಖಾರ ಇದು ಅನ್ನುತ್ತಾರೆ. ಹಮಾಲರು ಹಗ್ಗ ಎಳೆದು ಏರಿಸುತ್ತಿದ್ದ ಮಾಲು ಒಂದು ಹಿಡಿಕೆ ತಿರುಗಿಸಿದರೆ ಏರತೊಡಗಿತು. ಆ ಒತ್ತಡಕ್ಕೆಂದು 1870ರಲ್ಲಿ ಕಟ್ಟಿದ ಪಂಪ್‌ಹೌಸ್ ಎತ್ತರದ ಚಿಮಣಿಯೊಂದಿಗೆ ಈಗಲೂ ನಿಂತಿದೆ. ಈಗ ಅದು ಪಬ್. ಮಳೆ ಜೋರಾದಾಗ ನಾವು ಅಲ್ಲೇ ಹೊಕ್ಕು ಬಿಸಿ ಆಲೂಗಡ್ಡೆ ತಿಂದೆವು.

ಡಾಕಿನ ಮೂಲೆಯಲ್ಲಿ ಗುಡಿಯ ಹಾಗಿರುವ ಒಂದು ಕಚೇರಿ ಇದೆ. ಹಾರ್ಡ್‌ವಿಕ್ ಮಾಡಿದ್ದು. ಮುಂದೆ ನಾಲ್ಕು ಕಂಬ, ಮೇಲೆ ತ್ರಿಕೋನ. ನೋಡಿದರೆ ಕಲ್ಲು ಅನಿಸುತ್ತದೆ. ಹತ್ತಿರ ಹೋದರೆ ಅದೂ ಎರಕದ ಕಬ್ಬಿಣ! ಚೆಂದವೇ, ಆದರೆ ಕಬ್ಬಿಣಕ್ಕೆ ಕಲ್ಲಿನ ವೇಷ ಹಾಕಿದ್ದು ನನಗೆ ಅಷ್ಟು ಹಿಡಿಸಲಿಲ್ಲ. ದಕ್ಕೆಯ ಮೇಲಿನ ದಪ್ಪ ಕಂಬಗಳೇ ವಾಸಿ.

ಮ್ಯೂಸಿಯಂನ ಮೂರನೇ ಅಂತಸ್ತಿನಲ್ಲಿ 2007ರಲ್ಲಿ ತೆರೆದ ಗುಲಾಮಗಿರಿಯ ಮ್ಯೂಸಿಯಂ ಇತ್ತು. ಅಲ್ಲಿ ಹೆಚ್ಚು ಹೊತ್ತು ನಿಂತೆ. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಿತು. ಆಲ್ಬರ್ಟ್ ಡಾಕ್ ಕಟ್ಟಿದ್ದು ಆಮೇಲೆ. ಆದರೆ ಲಿವರ್‌ಪೂಲಿಗೆ ಬರುತ್ತಿದ್ದ ಹತ್ತಿಯ ದೊಡ್ಡ ಪಾಲು ಅಮೆರಿಕದ್ದು. ಅದನ್ನು ಬಿಡಿಸುತ್ತಿದ್ದವರು ಗುಲಾಮರು. ಬೆಂಕಿಗೆ ಇಷ್ಟು ಹೆದರಿ, ಹತ್ತಿಯನ್ನು ಇಷ್ಟು ಜೋಪಾನ ಮಾಡಿದ ಊರು ಆ ಹತ್ತಿ ಬಿಡಿಸಿದ ಕೈಗಳ ಬಗ್ಗೆ ಇಷ್ಟು ಚಿಂತೆ ಮಾಡಲಿಲ್ಲ. ಆ ಚೆಂದದ ಇಟ್ಟಿಗೆ ಕಮಾನುಗಳ ಕೆಳಗೇ ನಿಂತು ಇದನ್ನು ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಮ್ಯೂಸಿಯಂ ಬೇರೆಲ್ಲೂ ಅಲ್ಲದೆ ಇಂಥ ವಖಾರದೊಳಗೇ ಇರುವುದು ಸರಿ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ನಿಂತಿತು. ಲಿವರ್‌ಪೂಲ್ ಕಡೆಯ ಲಂಕಾಷೈರ್ ಸೀಮೆಯ ಎಷ್ಟೋ ಹತ್ತಿ ಗಿರಣಿಗಳು ಮುಚ್ಚಿದವು. ಆಗ ಲಿವರ್‌ಪೂಲಿನ ಕಣ್ಣು ನಮ್ಮ ಕಡೆ ತಿರುಗಿತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ನ್ಯೂ ಓರ್ಲಿಯನ್ಸ್ ತಳಿಯ ಹತ್ತಿ ಬೆಳೆಯಲು ಹಚ್ಚಿದ್ದರು. ಲಿವರ್‌ಪೂಲಿನ ದರಪಟ್ಟಿಗಳಲ್ಲಿ 'ಧಾರವಾರ್' ಅನ್ನುವುದು ಒಂದು ತರಗತಿಯ ಹೆಸರು. 'ಕೂಮ್ಟಾ' ಇನ್ನೊಂದು. ಕೂಮ್ಟಾ ಅಂದರೆ ಬೇರೇನಲ್ಲ, ನಮ್ಮ ಕುಮಟಾ. ಧಾರವಾಡದ ನಾಡಹತ್ತಿ ಘಟ್ಟ ಇಳಿದು ಕುಮಟಾದ ಬಂದರಿನಿಂದ ಹಡಗೇರುತ್ತಿತ್ತು. ಹತ್ತಿ ಬೆಳೆದ ಊರಿನ ಹೆಸರು ಅಳಿಸಿ, ಹಡಗು ಹತ್ತಿದ ಊರಿನ ಹೆಸರು ಅದಕ್ಕೆ ಅಂಟಿತು.

ಇದೇ ಹತ್ತಿಗಾಗಿ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬೈಗೆ ಸೇರಿಸಿದರು. ಕಾರವಾರವನ್ನು ದೊಡ್ಡ ಹತ್ತಿ ಬಂದರು ಮಾಡುವ ಕನಸಿತ್ತು. 1865ಕ್ಕೆ ಯುದ್ಧ ಮುಗಿಯಿತು, ದರ ಬಿತ್ತು. ಮುಂದೆ ರೈಲು ಹಳಿ ಬಂದಾಗಲೂ ಅದು ಗೋವೆಯ ಮುರಗಾಂವ್ ಬಂದರಿಗೆ ಹೋಯಿತು, ಕಾರವಾರಕ್ಕೆ ಇಳಿಯಲಿಲ್ಲ. ನಾಲ್ಕೈದು ವರ್ಷ ಬೆಳ್ಳಿ ರೂಪಾಯಿ ಎಣಿಸಿದ ರೈತರ ಮೊಮ್ಮಕ್ಕಳು ಅದನ್ನು ಕತೆ ಮಾಡಿ ಹೇಳುತ್ತಿದ್ದರು. ಅಜ್ಜನೂ ಅವರ ಬಾಯಿಂದಲೇ ಕೇಳಿದ್ದು.

ಡಾಕಿನ ಭಾಗ್ಯವೂ ಹೆಚ್ಚು ದಿನ ಬಾಳಲಿಲ್ಲ. ಹಾರ್ಟ್ಲಿ ಅದನ್ನು ತನ್ನ ಕಾಲದ ಹಾಯಿ ಹಡಗುಗಳ ಅಳತೆಗೆ ಕಟ್ಟಿದ್ದ. ಇಪ್ಪತ್ತು ವರ್ಷದೊಳಗೆ ಉಗಿ ಹಡಗುಗಳು ಬಂದವು, ದೊಡ್ಡವು. ಅವು ಆ ಗೇಟಿನೊಳಗೆ ಹಿಡಿಯಲಿಲ್ಲ. ಗ್ರಾನೈಟಿನಲ್ಲಿ ಅಷ್ಟು ಗಟ್ಟಿಯಾಗಿ ಕಟ್ಟಿದ್ದನ್ನು ಅಗಲಿಸುವುದು ಹೇಗೆ? ಸುತ್ತ ವಖಾರಗಳು ನೀರಿನ ತುದಿಗೇ ನಿಂತಿವೆ, ದಕ್ಕೆ ಹಿಗ್ಗಿಸಲೂ ಜಾಗ ಇಲ್ಲ. ಯಾವ ಗುಣಗಳಿಗಾಗಿ ಹೊಗಳಿಸಿಕೊಂಡಿತ್ತೋ ಅವೇ ಅದರ ಕಾಲು ಕಟ್ಟಿದವು. 1920ರ ಹೊತ್ತಿಗೆ ಹಡಗು ಬರುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ವಖಾರವಾಗಿ ಮಾತ್ರ ಉಳಿಯಿತು.

1941ರ ಮೇ ತಿಂಗಳಲ್ಲಿ ಜರ್ಮನ್ ಬಾಂಬುಗಳು ಒಂದು ಭಾಗವನ್ನು ಕೆಡವಿದವು. ಉಳಿದದ್ದು ನಿಂತಿತು. 1952ರಲ್ಲಿ ಸರಕಾರ ಇದನ್ನು ಅತ್ಯುನ್ನತ ದರ್ಜೆಯ ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು. ಆದರೂ ಅರವತ್ತರ ದಶಕದಲ್ಲಿ ಕೆಡವಿ ಹೊಸದು ಕಟ್ಟುವ ಯೋಜನೆಗಳು ಬಂದವು. 1972ರಲ್ಲಿ ಬಾಗಿಲು ಮುಚ್ಚಿತು. ಆಮೇಲೆ ನಡೆದದ್ದು ನನಗೆ ಓದಲೂ ಕಷ್ಟವಾಯಿತು. ದಕ್ಷಿಣದ ಡಾಕ್‌ಗಳ ಗೇಟು ತೆರೆದೇ ಬಿಟ್ಟರು. ಮರ್ಸಿ ನದಿ ದಿನಕ್ಕೆರಡು ಸಲ ಒಳಗೆ ಬಂದು ಹೂಳು ಇಳಿಸಿ ಹೋಯಿತು. ಹಡಗು ತೇಲುತ್ತಿದ್ದ ಜಾಗ ನಾರುವ ಕೆಸರಿನ ಗದ್ದೆಯಾಯಿತು. ಹತ್ತು ವರ್ಷ ಹಾಗೇ ಇತ್ತು. 1981ರಲ್ಲಿ ಹೊಸ ಅಭಿವೃದ್ಧಿ ನಿಗಮ ಬಂದು ಹೂಳು ತೆಗೆಸಿ, ಗೇಟು ಸರಿ ಮಾಡಿಸಿ, 1984ರಿಂದ ಒಂದೊಂದೇ ಕಟ್ಟಡ ತೆರೆಯಿತು. 1988ರಲ್ಲಿ ಟೇಟ್ ಕಲಾ ಗ್ಯಾಲರಿಯೂ ಇಲ್ಲಿಗೆ ಬಂತು. ಅಷ್ಟು ವರ್ಷ ದಿಕ್ಕಿಲ್ಲದೆ ನಿಂತಿದ್ದರೂ ಆ ಇಟ್ಟಿಗೆ ಕಮಾನುಗಳು ಜಗ್ಗಲಿಲ್ಲ. ಚಾವಣಿ ಮರದ್ದಾಗಿದ್ದರೆ ಆ ಹತ್ತು ವರ್ಷದ ಮಳೆಗೇ ಕುಸಿಯುತ್ತಿತ್ತು.

ನಾನು ಹೋದಾಗ ಲಿವರ್‌ಪೂಲಿನ ಬಂದರು ಭಾಗ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿತ್ತು. 2004ರಲ್ಲಿ ಸೇರಿದ್ದು. ಸುತ್ತ ಹೊಸ ಕಟ್ಟಡಗಳು ಜಾಸ್ತಿಯಾದವು ಅಂತ 2021ರ ಜುಲೈನಲ್ಲಿ ಹೆಸರು ತೆಗೆದರು. ಉತ್ತರಕ್ಕಿರುವ ಹಾರ್ಟ್ಲಿಯದೇ ಇನ್ನೊಂದು ಡಾಕನ್ನು ಮುಚ್ಚಿ ಫುಟ್‌ಬಾಲ್ ಕ್ರೀಡಾಂಗಣ ಕಟ್ಟುವ ಯೋಜನೆಯೂ ಆ ಕಾರಣಗಳಲ್ಲಿ ಒಂದು. ಊರು ಬೆಳೆಯಬಾರದು ಅಂತ ನಾನು ಹೇಳುವುದಿಲ್ಲ. ಆದರೆ ನೀರು ತುಂಬಿದ್ದ ಡಾಕಿಗೆ ಮರಳು ಸುರಿದ ಚಿತ್ರ ನೋಡಿದಾಗ ನನಗೆ ನಿಜಕ್ಕೂ ದುಃಖವಾಯಿತು.

ಸಂಜೆ ರೈಲು ಹಿಡಿಯುವ ಮೊದಲು ಮತ್ತೊಮ್ಮೆ ಕಂಬಗಳ ಹತ್ತಿರ ನಿಂತೆವು. ದೀಪ ಹತ್ತಿದ್ದವು. ಕೆಂಪು ಕಂಬಗಳು ನೀರಿನಲ್ಲಿ ತಲೆಕೆಳಗಾಗಿ ನಡುಗುತ್ತಿದ್ದವು. ನಾನು ಹುಡುಗಿಗೆ ಅಜ್ಜನ ಗೂಡಿನ ಕತೆ ಹೇಳಿದೆ. ಹಳೇ ಕಾಲದಲ್ಲಿ ಈ ಊರಿನ ಡಾಕ್‌ಗಳಲ್ಲೂ ನಿಂತ ಹಡಗಿನಲ್ಲಿ ಒಲೆ ಹಚ್ಚುವಂತಿರಲಿಲ್ಲ, ದೀಪ ಇಡುವಂತಿರಲಿಲ್ಲ, ನಾವಿಕರು ಊಟಕ್ಕೆ ದಂಡೆಗೇ ಹೋಗಬೇಕಿತ್ತು ಅಂತಲೂ ಹೇಳಿದೆ. ಅವಳು ಕಂಬದ ಸುತ್ತ ಒಂದು ಸುತ್ತು ಹಾಕಿ, ಗೋಡೆಯ ಹತ್ತಿರ ಹೋಗಿ ಬಾಗಿಲ ಪಕ್ಕ ಕೈಯಾಡಿಸಿ ಬಂದಳು.

ರಾತ್ರಿ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಜ್ಜನ ಮಗಳು ಅವಳು. ಇಟ್ಟಿಗೆಯ ಲೆಕ್ಕ, ಕಬ್ಬಿಣದ ಚಾವಣಿ ಎಲ್ಲ ಕೇಳಿಸಿಕೊಂಡಳು. ನಮ್ಮ ವಖಾರ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಗಳ ಕಾಂಪ್ಲೆಕ್ಸ್ ಇದೆ. ಆ ಗೋಡೆ, ಆ ಗೂಡು ಯಾವುದೂ ಇಲ್ಲ. ಸ್ವಲ್ಪ ಹೊತ್ತು ಸುಮ್ನೆ ಇದ್ದು ಕೇಳಿದಳು:

"ಅಷ್ಟ ದೊಡ್ಡ ವಖಾರ ಅಂತಿ. ಹಮಾಲ್ರು ಕಡ್ಡಿಪೆಟ್ಟಿಗಿ ಎಲ್ಲಿ ಇಡ್ತಿದ್ರಂತ?"